‘ಎರಡು ಸಲ ಒತ್ತಿದ್ರ ಹಿಡೀತದ’ ಅನ್ನೋರ ಗಾಡಿ ಹತ್ತಬ್ಯಾಡ್ರಿ

ಅಕ್ಕಾರೇ, ವೈನಿಯವರೇ, ಓಣಿಯ ಕಾಕುಗೋಳೇ, ಇವತ್ತು ಹಿಂಡಿ ಪಲ್ಯದ ಮಾತಿಲ್ಲ, ಜಗಳದ ಮಾತದ. ಜಗಳ ಯಾರ ಕೂಡ ಅಂದ್ರ, ನಮ್ಮ ಮನಿಮನ್ಯಾಗ ಸ್ಟೇರಿಂಗ್ ಹಿಡ್ಕೊಂಡು ಕುಂತು "ಬ್ರೇಕ್ ಜರಾ ಮೆತ್ತಗಾಗ್ಯಾದ, ಎರಡು ಸಲ ಒತ್ತಿದ್ರ ಹಿಡೀತದ, ನೀವು ಸುಮ್ನ ಕೂಡ್ರಿ" ಅನ್ನೋರ ಕೂಡ. ಡ್ಯಾಶ್‌ಬೋರ್ಡಿನ್ಯಾಗ ಹಳದಿ ದೀಪ ಹತ್ತಿದ್ರ "ಅದು ಸೆನ್ಸರ್‌ದು, ಅದರಿಂದ ಏನೂ ಆಗಂಗಿಲ್ಲ" ಅನ್ನೋರ ಕೂಡ. ಆಳಂದದಾಗ ಈ ಮಾತು ಕೇಳೀನಿ, ಅಫಜಲಪುರದಾಗ ಕೇಳೀನಿ, ಜೇವರ್ಗಿಯಾಗೂ ಕೇಳೀನಿ. ಮೂರು ತಾಲೂಕಿನ ಮಾತಿನ ಧಾಟಿ ಬ್ಯಾರೆ ಬ್ಯಾರೆ ಇರಬಹುದು, ಈ ಸುಳ್ಳು ಮಾತ್ರ ಒಂದೇ ಅದ.

ಗಾಡಿ ಕಾಗದ ನಮ್ಮ ಹೆಸರಿಲೆ ಇರಂಗಿಲ್ಲ. ಸ್ಟೇರಿಂಗ್ ಬಹಳಷ್ಟು ಮನ್ಯಾಗ ನಮ್ಮ ಕೈಯಾಗ ಇರಂಗಿಲ್ಲ. ಈಗ ನಮ್ಮ ಹುಡುಗ್ಯಾರು ಹೊಡೀಲಾಕತ್ತಾರ, ಛಲೋ ಆಯ್ತು. ಆದ್ರ ಎಳ್ಳ ಅಮಾಸಿಗೆ ಭಜ್ಜಿ ರೊಟ್ಟಿ ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಹೊಲಕ್ಕ ಹೋಗೋವಾಗ, ಹುಣ್ಣಿಮಿಗೆ ಗಾಣಗಾಪುರಕ್ಕ ಹೋಗೋವಾಗ, ಕುಬಸಕ್ಕ, ಲಗ್ನಕ್ಕ, ಕಲಬುರಗಿ ದವಾಖಾನಿಗೆ ಹೋಗೋವಾಗ ಹಿಂದಿನ ಸೀಟಿನ್ಯಾಗ ಮಕ್ಕಳನ್ನ ಅವಚಿಕೊಂಡು ಕೂಡೋರು ನಾವೇ. ಜೀವ ನಮ್ಮದು ಇದ್ದ ಮ್ಯಾಲ ಕೇಳೋ ಹಕ್ಕೂ ನಮ್ಮದೇ. "ನಿಮಗೇನು ತಿಳೀತದ" ಅಂತ ಬಾಯಿ ಮುಚ್ಚಿಸ್ತಾರಲ್ಲ, ಅದಕ್ಕೇ ತಿಳ್ಕೊಂಡೇ ಕೇಳೋಣು. ಇದರಾಗ ರಾಕೆಟ್ ವಿದ್ಯೆ ಏನೂ ಇಲ್ಲ. ಹಾಲು ಉಕ್ಕೋದಕ್ಕಿಂತ ಮೊದಲು ಗೊತ್ತಾಗೋ ನಮಗ, ಬ್ರೇಕ್ ಕೆಡೋದಕ್ಕಿಂತ ಮೊದಲು ಗೊತ್ತಾಗಂಗಿಲ್ಲೇನು?

ಮೊದಲಿಗೆ ಆ "ಎರಡು ಸಲ" ಲೆಕ್ಕಾನ ಮಾಡೋಣು. ತಾಸಿಗೆ 60 ಕಿಲೋಮೀಟರ್ ವೇಗದಾಗ ಹೋಗೋ ಗಾಡಿ ಒಂದು ಸೆಕೆಂಡಿನ್ಯಾಗ ಹತ್ತಹತ್ತರ 17 ಮೀಟರ್ ಮುಂದ ಹೋಗ್ತದ. ಕಾಲು ಎತ್ತಿ ಎರಡನೇ ಸಲ ಒತ್ತೋದ್ರಾಗ ಅರ್ಧ ಸೆಕೆಂಡ್ ಹೋಯ್ತು ಅನ್ರಿ, 8 ಮೀಟರ್ ಹೋಯ್ತು. ಅಂದ್ರ ಎರಡು ಕಾರಿನ ಉದ್ದ. ಅಫಜಲಪುರ ಕಡಿ ಕಬ್ಬಿನ ಹಂಗಾಮಿನ್ಯಾಗ ರಾತ್ರಿ ಜೋಡಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದ ಕೆಂಪು ದೀಪ ಇಲ್ಲದೆ ನಿಂತಿರ್ತದ. ಆಳಂದ ಹಾದ್ಯಾಗ ಡಾಂಬರಿನ ಮ್ಯಾಲೇ ರಾಶಿ ಹಾಕಿರ್ತಾರ. ಜೇವರ್ಗಿ ಹಾದ್ಯಾಗ ಭೀಮಾ ಹೊಳಿ ಸೇತುವಿ ಮ್ಯಾಲ ಲಾರಿ ಹಿಂದ ಲಾರಿ ಇರ್ತಾವ. ಅಲ್ಲಿ ಆ ಎರಡು ಕಾರಿನ ಉದ್ದ ಯಾರು ಕೊಡ್ತಾರ ನಿಮಗ? ಮುಂದಿನ ಎಮ್ಮಿ "ಎರಡನೇ ಸಲ ಒತ್ತು, ನಾ ನಿಲ್ತೀನಿ" ಅಂತದೇನು? ಇನ್ನೊಂದು ಮಾತು: ವೇಗ ಎರಡು ಪಟ್ಟಾದ್ರ ಗಾಡಿಯೊಳಗಿನ ಶಕ್ತಿ ನಾಕು ಪಟ್ಟಾಗ್ತದ. 40ರಾಗ ಹಿಡಿದ ಬ್ರೇಕ್ 80ರಾಗ ಹಿಡೀತದ ಅನ್ನೋ ಭರೋಸಾ ಇಲ್ಲ. ಓಣ್ಯಾಗ ಒತ್ತಿ ನೋಡಿ "ಹಿಡೀತದ" ಅನ್ನೋದು, ಕೆರ್‍ಯಾಗ ಕಾಲು ತೊಯ್ಸಿ ಹೊಳಿ ಈಜ್ತೀನಿ ಅಂದಂಗ.

ಇನ್ನ ಪೆಡಲ್ ಮೆತ್ತಗ ಯಾಕಾಗ್ತದ ಅಂತ ನೋಡ್ರಿ. ಸೂಜಿ ಮಾಡೋ ಸಿರಿಂಜ್ ತಗೋರಿ, ಸೂಜಿ ತೆಗೀರಿ. ಒಳಗ ಪೂರಾ ನೀರು ತುಂಬಿ, ಬಾಯಿಗೆ ಬೆರಳಿಟ್ಟು ಒತ್ತಿ ನೋಡ್ರಿ. ಕಲ್ಲಿನಂಗ ಇರ್ತದ, ಒಳಗ ಹೋಗಂಗಿಲ್ಲ. ಈಗ ಅರ್ಧ ಗಾಳಿ ಬಿಟ್ಟು ಒತ್ರಿ. ಉಬ್ಬಿದ ಪೂರಿ ಒತ್ತಿದಂಗ ಮೆತ್ತಗ ಒಳಗ ಹೋಗ್ತದ. ನೀರು ಕುಗ್ಗಂಗಿಲ್ಲ, ಗಾಳಿ ಕುಗ್ತದ. ಗಾಡಿ ಬ್ರೇಕ್ ಅಂದ್ರ ಇದೇ ಸಿರಿಂಜ್. ನೀವು ಪೆಡಲ್ ಒತ್ತಿದ್ರ ಮಾಸ್ಟರ್ ಸಿಲಿಂಡರ್ ಅನ್ನೋದು ಪೈಪಿನೊಳಗಿನ ಬ್ರೇಕ್ ಆಯಿಲ್‌ನ ನೂಕ್ತದ, ಆ ಆಯಿಲ್ ನಾಕೂ ಗಾಲಿಗೆ ಹೋಗಿ ಪ್ಯಾಡ್‌ನ ಡಿಸ್ಕಿಗೆ ಒತ್ತಿ ಹಿಡೀತದ. ಪೈಪಿನ್ಯಾಗ ಗಾಳಿ ಸೇರ್ತು ಅಂದ್ರ ನಿಮ್ಮ ಕಾಲಿನ ಬಲ ಎಲ್ಲಾ ಗಾಳಿ ಹಿಚುಕೋದಕ್ಕೇ ಹೋಯ್ತು, ಗಾಲಿ ತನಕ ಮುಟ್ಟಲಿಲ್ಲ.

ಇಲ್ಲೇ ನಮ್ಮಂದಿ ಮಾಡೋ ದೊಡ್ಡ ಅನಾಹುತ ಅದ. ಬ್ರೇಕ್ ಆಯಿಲ್ ಅಂತ ಹೆಸರಿಟ್ಟೀವಿ, ಆದ್ರ ಅದು ಎಣ್ಣಿ ಅಲ್ಲವೇ ಅಲ್ಲ. ಗ್ಲೈಕಾಲ್ ಅನ್ನೋ ರಾಸಾಯನಿಕದಿಂದ ಮಾಡಿದ್ದು. ಹೆಸರು ಕೇಳಿ "ಆಯಿಲ್ ಕಮ್ಮಿಯಾಗ್ಯಾದ" ಅಂತ ಇಂಜಿನ್ ಆಯಿಲ್ ಸುರಿಯೋರು ಇದ್ದಾರ. ಒಳಗಿನ ರಬ್ಬರ್ ವಾಷರ್ ಎಲ್ಲಾ ಉಬ್ಬಿ ಹಾಳಾಗ್ತಾವ, ಪೂರಾ ಬ್ರೇಕ್ ಬಿಚ್ಚಬೇಕಾಗ್ತದ. ಯಾವ ಆಯಿಲ್ ಹಾಕಬೇಕು ಅನ್ನೋದು ಡಬ್ಬಿ ಮುಚ್ಚಳದ ಮ್ಯಾಲೇ ಬರ್ದಿರ್ತದ, ಡಾಟ್ 3 ಇಲ್ಲಾ ಡಾಟ್ 4 ಅಂತ. ಕನ್ನಡಕ ಹಾಕ್ಕೊಂಡು ಓದಿದ್ರ ಸಾಕು, ಅದಕ್ಕ ಇಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕಾಗಿಲ್ಲ.

ಈ ಆಯಿಲ್‌ಗೊಂದು ಕೆಟ್ಟ ಚಟ ಅದ. ಮಳಿಗಾಲದಾಗ ಉಪ್ಪಿನ ಡಬ್ಬಿ ಮುಚ್ಚಳ ಸಡ್ಲಿದ್ರ ಉಪ್ಪು ಹೆಂಗ ನೀರು ಒಡೀತದ, ಹಂಗ ಇದೂ ಗಾಳ್ಯಾಗಿನ ಪಸಿ ಎಳಕೋತದ. ಮುಚ್ಚಳ ಬರೋಬ್ಬರಿ ಇದ್ರೂ ರಬ್ಬರ್ ಪೈಪಿನ ಮೂಲಕ ವರ್ಷಾನುಗಟ್ಟಲೆ ತುಸುತುಸು ನೀರು ಸೇರ್ತದ. ಹೊಸಾ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯಬಾರದು ಅಂತ ಅಳತಿ ಅದ. ನೀರು ಹಿಡಿದ ಮ್ಯಾಲ ಆ ಅಳತಿ 140ಕ್ಕ ಇಳೀತದ. ಡಾಟ್ 4 ಆದ್ರ ಹೊಸಾದು 230, ನೀರು ಹಿಡಿದದ್ದು 155. ತುಳಜಾಪುರದ ಘಾಟ್, ಶ್ರೀಶೈಲದ ಘಾಟ್ ಇಳಿಯೋವಾಗ ಕಾಲು ಬ್ರೇಕ್ ಮ್ಯಾಲಿಂದ ಎತ್ತಲಾರದೆ ಹೊಡದ್ರ ಡಿಸ್ಕು ರೊಟ್ಟಿ ಹಂಚಿನಂಗ ಕಾಯ್ತದ. ಹಳೇ ಆಯಿಲ್ ಕುದ್ದು ಒಳಗ ಹಬಿ ಆಗ್ತದ. ಹಬಿ ಅಂದ್ರ ಮತ್ತ ಗಾಳಿನೇ. ಆವಾಗ ಪೆಡಲ್ ಒಮ್ಮಿಂದೊಮ್ಮಿಗೆ ನೆಲಕ್ಕ ಮುಟ್ತದ. ಕೆಳಗ ಇಳಿದು ತಾಸ್ ನಿಂತು ತಣ್ಣಗಾದ ಮ್ಯಾಲ ನೋಡಿದ್ರ ಪೆಡಲ್ ಮತ್ತ ಗಟ್ಟಿ. "ನೋಡು, ಏನೂ ಆಗಿಲ್ಲ, ದೇವರು ಕಾಪಾಡಿದ" ಅಂತ ಮುಂದ ಹೋಗ್ತಾರ. ದೇವರು ಒಂದ್ಸಲ ಕಾಪಾಡ್ಯಾನ. ಆಯಿಲ್ ಬದಲಿ ಮಾಡೋ ಕೆಲಸ ಮಾತ್ರ ನಮಗೇ ಬಿಟ್ಟಾನ.

ಭಾಳಷ್ಟು ಗಾಡಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರಾ ತೆಗ್ದು ಹೊಸಾದು ಹಾಕಬೇಕಂತ ಗಾಡಿ ಪುಸ್ತಕದಾಗೇ ಇರ್ತದ. ನಿಮ್ಮ ಮನ್ಯಾಗ ಆ ಪುಸ್ತಕ ಎಲ್ಲದ? ಪ್ಲಾಸ್ಟಿಕ್ ಚೀಲ ಸೈತ ಹರಿಯದಂಗ ಡ್ಯಾಶ್‌ಬೋರ್ಡ್ ಖಾನ್ಯಾಗ ಬಿದ್ದಿರ್ತದ. ಇಂಜಿನ್ ಆಯಿಲ್ ಬದಲಿ ಮಾಡಿದ ತಾರೀಖು ಎಲ್ಲಾರಿಗೂ ನೆನಪದ, ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡೀರಿ ಅಂತ ಕೇಳ್ರಿ, ಮುಖ ನೋಡ್ತಾರ. ಸೀಟಿನ ಹೊಸಾ ಕವರ್‌ಗೆ ರೊಕ್ಕ ಅದ, ಎದಿ ನಡುಗಿಸೋ ಸ್ಪೀಕರ್‌ಗೆ ರೊಕ್ಕ ಅದ, ಕಾಜಿಗೆ ಹಚ್ಚೋ ಹೆಸರಿನ ಸ್ಟಿಕ್ಕರ್‌ಗೆ ರೊಕ್ಕ ಅದ. ಒಂದು ಸಾದಾ ಸೀರಿಗೆ ಆಗೋವಷ್ಟು ರೊಕ್ಕ ಬ್ರೇಕ್ ಆಯಿಲ್‌ಗೆ ಇಲ್ಲ. ದಸರಾಕ್ಕ ಗಾಡಿ ಪೂಜಿ ಮಾಡ್ರಿ, ಗಾಲಿ ಕೆಳಗ ಲಿಂಬಿಹಣ್ಣು ಇಡ್ರಿ, ನಾ ಬ್ಯಾಡ ಅನ್ನಂಗಿಲ್ಲ, ನಾನೂ ಇಡ್ತೀನಿ. ಆದ್ರ ಲಿಂಬಿಹಣ್ಣು ಪೈಪಿನೊಳಗಿನ ಗಾಳಿ ತೆಗೆಯಂಗಿಲ್ಲ.

ಈಗ ಮನಿ ಮುಂದನೇ, ಹತ್ತು ನಿಮಿಷದಾಗ, ಪಾನಾ ಇಲ್ಲದೆ ನೋಡೋದು ಹೆಂಗ ಅಂತ ಹೇಳ್ತೀನಿ. ಗಾಡಿ ಸಪಾಟ ಜಾಗದಾಗ ನಿಲ್ಲಿಸ್ರಿ, ಹ್ಯಾಂಡ್‌ಬ್ರೇಕ್ ಎಳೀರಿ, ಗೇರ್ ನ್ಯೂಟ್ರಲ್ ಮಾಡ್ರಿ, ಮಕ್ಕಳನ್ನ ದೂರ ಕಳಸ್ರಿ.

ಪಹಿಲಾ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡ್ರಿ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮ್ಯಾಲ ಮ್ಯಾಕ್ಸ್, ಕೆಳಗ ಮಿನ್ ಅಂತ ಗೆರಿ ಇರ್ತಾವ. ಪ್ಯಾಡ್ ಸವೆದಂಗ ಸವೆದಂಗ ಆಯಿಲ್ ತುಸು ಕೆಳಗ ಇಳಿಯೋದು ಸಹಜ. ಆದ್ರ ಹೋದ ವಾರ ಮ್ಯಾಲಿದ್ದದ್ದು ಈ ವಾರ ಕೆಳಗ ಹೋಗ್ಯಾದ ಅಂದ್ರ ಎಲ್ಲೋ ಸೋರ್ಲಾಕತ್ತದ. ಸುಮ್ನ ಮ್ಯಾಲ ಸುರಿದ್ರ ರೋಗ ಮುಚ್ಚಿದಂಗ, ವಾಸಿ ಆದಂಗ ಅಲ್ಲ. ತೂತು ಬಿದ್ದ ಕೊಡಕ್ಕ ನೀರು ಹಾಕಿ ಹಾಕಿ "ತುಂಬ್ಯಾದ" ಅಂದಂಗ. ನಾಕೂ ಗಾಲಿ ಒಳಮೈ ನೋಡ್ರಿ, ಹಸಿ ಅದ ಏನು? ಪೆಡಲ್ ಬುಡದಾಗ ಕೈಯಾಡಿಸ್ರಿ, ಜಿಡ್ಡು ಹತ್ತತದ ಏನು? ಈ ಆಯಿಲ್ ಬಣ್ಣ ಕೀಳ್ತದ, ವಿಷನೂ ಹೌದು. ಕೈ ತೊಳ್ಕೋರಿ. ಉಳಿದದ್ದನ್ನ ನೀರಿನ ಬಾಟಲಿಯೊಳಗ ಹಾಕಿ ಮನ್ಯಾಗ ಇಡಲಾಕ ಬ್ಯಾಡ್ರಿ, ಮಕ್ಕಳ ಕೈಗೆ ಸಿಕ್ಕೀತು. ಹಂಗೇ ಒಡೆದ ಬಾಟಲಿ ವರ್ಷ ಇಟ್ಟು ಹಾಕೋದೂ ಬ್ಯಾಡ, ಅದು ಆಗಲೇ ಪಸಿ ಕುಡಿದಿರ್ತದ.

ಎರಡನೇದು, ಇಂಜಿನ್ ಬಂದ್ ಇದ್ದಾಗ ಪೆಡಲ್ ನಾಕೈದು ಸಲ ಒತ್ರಿ. ಗಟ್ಟಿ ಆಗ್ತದ. ಗಟ್ಟಿ ಒತ್ತಿ ಹಿಡ್ದೇ ಇಂಜಿನ್ ಚಾಲೂ ಮಾಡಿದ್ರ ಪೆಡಲ್ ತುಸು ಕೆಳಗ ಇಳೀಬೇಕು. ಇಳದ್ರ ಬೂಸ್ಟರ್ ಸರಿ ಅದ. ಇಳಿಯಲೇ ಇಲ್ಲ, ಪೆಡಲ್ ಕಲ್ಲಿನಂಗೇ ಅದ ಅಂದ್ರ ಬೂಸ್ಟರ್ ಇಲ್ಲಾ ಅದರ ಪೈಪಿಂದು ತಕರಾರು. ಅದು ಬ್ಯಾರೆ ರೋಗ, ಮೆತ್ತಗಿನ ರೋಗ ಅಲ್ಲ.

ಮೂರನೇದು, ಇದು ಮುಖ್ಯ. ಇಂಜಿನ್ ಚಾಲೂ ಇಟ್ಟು, ಪೆಡಲ್ ಒಂದೇ ಸಮ ಗಟ್ಟಿ ಒತ್ತಿ ಒಂದು ನಿಮಿಷ ಹಿಡೀರಿ. ನಿಂತಲ್ಲೇ ನಿಂತ್ರ ಛಲೋ. ಮೆಲ್ಲಮೆಲ್ಲಗ ಕೆಳಗ ಇಳೀಲಾಕತ್ತು ಅಂದ್ರ ಎರಡೇ ಕಾರಣ: ಇಲ್ಲಾ ಹೊರಗ ಎಲ್ಲೋ ಸೋರ್ಲಾಕತ್ತದ, ಇಲ್ಲಾ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸವೆದು ಒಳಗೇ ಸೋರ್ಲಾಕತ್ತದ. ಡಬ್ಬ್ಯಾಗ ಆಯಿಲ್ ಕಮ್ಮಿ ಆಗಿಲ್ಲ, ಹೊರಗ ಹಸಿ ಇಲ್ಲ, ಆದ್ರೂ ಪೆಡಲ್ ಇಳೀತದ ಅಂದ್ರ ಈ ಎರಡನೇದೇ ಇರೋ ಸಾಧ್ಯತೆ ಹೆಚ್ಚು. ಅವತ್ತು ಗಾಡಿ ಹೊರಗ ತೆಗೀಬ್ಯಾಡ್ರಿ. ಗ್ಯಾರೇಜಿಗೂ ಹೊಡ್ಕೊಂಡು ಹೋಗಬ್ಯಾಡ್ರಿ, ಮಿಸ್ತ್ರಿನ್ನ ಮನಿಗೆ ಕರೀರಿ, ಇಲ್ಲಾ ಟೋ ಮಾಡಿಸ್ರಿ.

ನಾಕನೇದು, ಒಂದ್ಸಲ ಒತ್ತಿದ್ರ ಮೆತ್ತಗ, ಎರಡು ಮೂರು ಸಲ ಬಡಬಡ ಒತ್ತಿದ್ರ ಗಟ್ಟಿ ಆಗಿ ಮ್ಯಾಲ ಬರ್ತದ. ಇದೇ ನಮ್ಮ ಗಂಡಸ್ರ "ಎರಡು ಸಲ". ಇದಕ್ಕ ಅರ್ಥ ಅದ: ಪೈಪಿನ್ಯಾಗ ಗಾಳಿ ಅದ, ಇಲ್ಲಾ ಹಿಂದಿನ ಡ್ರಮ್ ಬ್ರೇಕಿನ ಸೆಟ್ಟಿಂಗ್ ಸಡಿಲಾಗಿ ಲೈನರ್ ದೂರ ನಿಂತಾವ. ಅಂದ್ರ "ಎರಡು ಸಲ ಒತ್ತಿದ್ರ ಹಿಡೀತದ" ಅನ್ನೋದು ಸಮಾಧಾನದ ಮಾತಲ್ಲ, ರೋಗದ ಲಕ್ಷಣ. ಜ್ವರ ಬಂದ ಕೂಸಿಗೆ "ಮೈ ಬೆಚ್ಚಗದ, ಛಲೋ ಆಯ್ತು, ಚಳಿ ಆಗಂಗಿಲ್ಲ" ಅಂತೀರೇನು?

ಮೊನ್ನೆ ಮೊನ್ನೆ ಪ್ಯಾಡ್ ಹಾಕಿಸಿ, ಪೈಪ್ ಬದಲಿ ಮಾಡಿಸಿ ಬಂದ ಮ್ಯಾಲ ಮೆತ್ತಗಾದ್ರ ಹೆಚ್ಚಾಗಿ ಗಾಳಿನೇ. ಬ್ಲೀಡಿಂಗ್ ಬರೋಬ್ಬರಿ ಮಾಡಿಲ್ಲ. ಗಾಳಿ ಮ್ಯಾಲಕ್ಕೇ ಹೋಗ್ತದ ಅಲ್ರೀ, ಅದಕ್ಕೇ ಗಾಳಿ ಬಿಡೋ ನಟ್ಟು ಕ್ಯಾಲಿಪರಿನ ಮ್ಯಾಲಿನ ಬಾಜೂಕ್ಕ ಇರಬೇಕು. ಎಡದ್ದು ಬಲಕ್ಕ, ಬಲದ್ದು ಎಡಕ್ಕ ಜೋಡಿಸಿದ್ರ ನಟ್ಟು ಕೆಳಗ ಆಗ್ತದ, ಎಷ್ಟು ಸಲ ಆಯಿಲ್ ಬಿಟ್ರೂ ಗಾಳಿ ಒಳಗೇ ಉಳೀತದ. ಇನ್ನ ಗಾಡಿ ಹಳೇದಾಗಿದ್ರ ರಬ್ಬರ್ ಪೈಪ್ ನೋಡಿಸ್ರಿ. ನಮ್ಮ ಕಡಿ ಬ್ಯಾಸಗಿ 40 ಡಿಗ್ರಿ ದಾಟಿದ್ದು, ರಬ್ಬರ್ ಎಷ್ಟಂತ ತಡದೀತು? ಒಬ್ಬರು ಪೆಡಲ್ ಒತ್ತಿದಾಗ ಇನ್ನೊಬ್ಬರು ಪೈಪ್ ನೋಡಬೇಕು, ಉಬ್ಬಿತು ಅಂದ್ರ ಅದರ ಆಯುಷ್ಯ ಮುಗೀತು.

ಇನ್ನ ಹಳದಿ ದೀಪದ ಮಾತು. ಎಬಿಎಸ್ ಅಂತ ಬರ್ದ ದೀಪ. ಇದು ಹೊಸಾ ಚೈನಿ ಅಲ್ಲ. 1978ರಾಗ ಜರ್ಮನಿಯ ಬಾಷ್ ಕಂಪನಿ ಮಾಡಿದ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್ ಗಾಡಿಗೆ ಬಂತು. ನಮ್ಮ ದೇಶದಾಗ 2019ರ ಏಪ್ರಿಲ್‌ನಿಂದ ಹೊಸಾ ಕಾರಿಗೆಲ್ಲ ಕಡ್ಡಾಯ ಆಯ್ತು. ಕೆಲಸ ಏನಂದ್ರ, ಜೋರ್ ಬ್ರೇಕ್ ಹಾಕಿದಾಗ ಗಾಲಿ ಪೂರಾ ಕಚ್ಕೊಂಡು ಜಾರಬಾರದು ಅಂತ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡೀತದ, ಬಿಟ್ಟು ಹಿಡೀತದ. ಗಾಲಿ ಜಾರಲಿಲ್ಲ ಅಂದ್ರ ಸ್ಟೇರಿಂಗ್ ತಿರುಗಿಸಿದ ಕಡಿ ಗಾಡಿ ತಿರುಗ್ತದ, ಎಮ್ಮಿ ಬಾಜೂಕ್ಕ ಸರದು ಹೋಗಬಹುದು. ಆವಾಗ ಪೆಡಲ್ ಕಾಲ ಕೆಳಗ ಗಡಗಡ ನಡುಗ್ತದ. ಅದು ಕೆಟ್ಟದ್ದಲ್ಲ, ಅದು ಕೆಲಸ ಮಾಡೋ ಸಪ್ಪಳ. ಹೆದರಿ ಕಾಲು ಎತ್ತಬ್ಯಾಡ್ರಿ ಅಂತ ಹೊಡೆಯೋ ಹುಡುಗ್ಯಾರಿಗೆ ಹೇಳ್ರಿ, ಒತ್ತೇ ಹಿಡೀಬೇಕು.

ಈ ಎಬಿಎಸ್‌ಗೆ ಕಣ್ಣು ಅಂದ್ರ ಗಾಲಿಗೊಂದು ಸೆನ್ಸರ್. ಗಾಲಿ ಎಷ್ಟು ಜೋರ್ ತಿರುಗ್ಲಾಕತ್ತದ ಅಂತ ಕಂಪ್ಯೂಟರಿಗೆ ಹೇಳ್ತದ. ನಾಕರಾಗ ಒಂದು ಸುಳ್ಳು ಹೇಳಿದ್ರ, ಇಲ್ಲಾ ಮಾತೇ ಬಿಟ್ರ, ಕಂಪ್ಯೂಟರ್ "ನನಗ ಭರೋಸಾ ಇಲ್ಲ" ಅಂತ ಎಬಿಎಸ್ ಬಂದ್ ಮಾಡಿ ದೀಪ ಹಚ್ತದ. ಹಳದಿ ದೀಪ ಒಂದೇ ಹತ್ತಿದ್ರ ಸಾದಾ ಬ್ರೇಕ್ ಇರ್ತದ, ಎಬಿಎಸ್ ಇರಂಗಿಲ್ಲ. ಮೆಲ್ಲಗ ಗ್ಯಾರೇಜಿಗೆ ಹೋಗಬಹುದು. ಕೆಂಪು ದೀಪ ಹತ್ತಿದ್ರ ಮೊದಲು ಹ್ಯಾಂಡ್‌ಬ್ರೇಕ್ ಬಿಟ್ಟದ ಏನು ನೋಡ್ರಿ. ಬಿಟ್ಟಿದ್ರೂ ಹತ್ತಿದ್ರ ಆಯಿಲ್ ಕಮ್ಮಿ ಆಗಿರಬಹುದು, ಗಾಡಿ ಬಾಜೂಕ್ಕ ಹಚ್ಚಿ ನಿಲ್ಲಿಸ್ರಿ. ಕೆಂಪು ಹಳದಿ ಎರಡೂ ಕೂಡಿ ಹತ್ತಿದ್ರ ಮಾತೇ ಇಲ್ಲ, ಗಾಡಿ ನಿಲ್ಲಬೇಕು, ನಾವು ಇಳೀಬೇಕು.

ನಮ್ಮ ಕಡಿ ಸೆನ್ಸರ್ ಯಾಕ ಕೆಡ್ತದ? ಎರಿ ಮಣ್ಣು ಗೊತ್ತಲ್ಲ, ಮಳ್ಯಾಗ ಹೊಲಕ್ಕ ಹೋದ್ರ ಚಪ್ಪಲಿಗೆ ಎರಡು ಸೇರು ಅಂಟ್ತದ. ಗಾಲಿ ಒಳಗೂ ಹಂಗೇ ಮೆತ್ತಿ, ಒಣಗಿ ಕಲ್ಲಾಗಿ ಸೆನ್ಸರಿನ ವೈರ್ ಜಗ್ತದ, ಹಲ್ಲಿನ ಚಕ್ರ ಇದ್ದಲ್ಲಿ ಅದರೊಳಗ ಕೂಡ್ತದ. ಇಲಿ ಬಂದು ವೈರ್ ಕಡೀತದ. ವೈರಿನ ಜೋಡಿಗೆ ನೀರು ಹೋಗಿ ಹಸಿರು ಕಿಲುಬು ಹಿಡೀತದ. ಬ್ಯಾಟರಿ ಬಲ ಕಮ್ಮಿ ಆದ್ರೂ ದೀಪ ಹತ್ತಬಹುದು. ಅದಕ್ಕೇ ಸ್ಕ್ಯಾನರ್ ಹಚ್ಚಿದ ಕೂಡಲೇ "ಮುಂದಿನ ಎಡ ಗಾಲಿ ಸೆನ್ಸರ್ ಕೋಡ್ ಬಂದದ, ಸೆನ್ಸರ್ ಹೋಗ್ಯಾದ, ಹೊಸಾದು ಹಾಕಬೇಕು" ಅಂದ್ರ ತಟ್ಟನ ತಲಿ ಅಲ್ಲಾಡಿಸಬ್ಯಾಡ್ರಿ. ಕೋಡ್ ಯಾವ ಗಾಲಿ ಕಡಿ ನೋಡು ಅಂತ ಹೇಳ್ತದ, ಯಾವ ಸಾಮಾನು ಕೆಟ್ಟದ ಅಂತ ಹೇಳಂಗಿಲ್ಲ. ಕೂಸು ಹೊಟ್ಟಿ ಹಿಡ್ಕೊಂಡು ಅತ್ರ ಹೊಟ್ಟ್ಯಾಗ ಏನೋ ಅದ ಅಂತ ಗೊತ್ತಾಗ್ತದ, ತಕ್ಷಣ ಆಪರೇಷನ್ ಮಾಡಸ್ತೀರೇನು? ಮೊದಲು ಗಾಲಿ ಬಿಚ್ಚಿ ಮಣ್ಣು ತೊಳೀಲಿ, ವೈರ್ ನೋಡಲಿ, ಜೋಡಿ ಬಿಚ್ಚಿ ನೋಡಲಿ. ಮೆಲ್ಲಗ ಗಾಡಿ ಓಡಿಸಿ ಸ್ಕ್ಯಾನರಿನ್ಯಾಗ ನಾಕೂ ಗಾಲಿ ವೇಗ ಒಂದರ ಬಾಜೂಕ್ಕ ಒಂದು ನೋಡಲಿ. ಮೂರು 20 ಅಂದು ಒಂದು ಸೊನ್ನಿ ಅಂದ್ರ ಕಳ್ಳ ಸಿಕ್ಕ. ಇನ್ನೊಂದು ಗಮನ ಇರ್ಲಿ: ಅಗ್ಗದ ಸ್ಕ್ಯಾನರ್ ಕೆಲವು ಬರೇ ಇಂಜಿನ್ ಕೋಡ್ ಓದ್ತಾವ, ಎಬಿಎಸ್ ಓದಂಗಿಲ್ಲ. "ಸ್ಕ್ಯಾನ್ ಮಾಡೀವಿ, ಏನೂ ಬಂದಿಲ್ಲ" ಅಂದ್ರ "ಎಬಿಎಸ್ ಓದೋ ಮಷೀನಾ ಇದು?" ಅಂತ ಕೇಳ್ರಿ.

ಇನ್ನ ಮೆತ್ತಗಿನ ಪೆಡಲ್ಲು, ಎಬಿಎಸ್ ದೀಪ ಎರಡೂ ಕೂಡಿ ಬಂದಾಗ ಏನು? ಇಲ್ಲಿ ಎರಡು ಥರ ಮೋಸ ಹೋಗ್ತೀವಿ. ಒಂದು, ದೀಪ ಹತ್ತ್ಯಾದ ಅಂತ ಪೆಡಲ್ ಮೆತ್ತಗಾಗಿದ್ದಕ್ಕೂ ಎಬಿಎಸ್‌ನೇ ಕಾರಣ ಅನ್ನೋದು. ಸೆನ್ಸರ್ ಕೆಟ್ರ ಪೆಡಲ್ ಮೆತ್ತಗ ಆಗಂಗಿಲ್ಲ ರೀ. ವೈರಿಗೂ ಆಯಿಲ್‌ಗೂ ಸಂಬಂಧ ಇಲ್ಲ. ಸೆನ್ಸರ್ ಹಾಕಿಸ್ಕೊಂಡು ದೀಪ ಆರಿಸ್ಕೊಂಡು ಬರ್ತಾರ, ಪೆಡಲ್ ಹಂಗೇ ಇರ್ತದ, "ದೀಪ ಹೋಯ್ತಲ್ಲ, ರಿಪೇರಿ ಆಯ್ತು" ಅಂತ ಊರಿಗೆ ಹೊಂಡ್ತಾರ. ಎರಡು, ಇವೆರಡಕ್ಕೂ ಯಾವಾಗ್ಲೂ ಸಂಬಂಧನೇ ಇಲ್ಲ ಅನ್ನೋದು. ಅದೂ ಖರೆ ಅಲ್ಲ. ಗಾಲಿ ಬೇರಿಂಗ್ ಸವೆದ್ರ ಗಾಲಿ ಅಲ್ಲಾಡ್ತದ, ಡಿಸ್ಕ್ ಅತ್ತ ಇತ್ತ ಆಡಿ ಪ್ಯಾಡ್‌ನ ಹಿಂದಕ್ಕ ನೂಕ್ತದ. ಆವಾಗ ಮೊದಲನೇ ಸಲ ಒತ್ತಿದ್ದು ಖಾಲಿ ಹೋಗ್ತದ, ಎರಡನೇ ಸಲ ಹಿಡೀತದ. ಅದೇ ಅಲ್ಲಾಟದಿಂದ ಸೆನ್ಸರಿಗೂ ಚಕ್ರಕ್ಕೂ ನಡು ಇರೋ ಸಂದು ಹೆಚ್ಚುಕಮ್ಮಿ ಆಗಿ ಎಬಿಎಸ್ ದೀಪ ಹತ್ತತದ. ರೋಗ ಒಂದೇ, ಲಕ್ಷಣ ಎರಡು. ವೇಗ ಹೆಚ್ಚಿದಂಗ ಗುಂಯ್ ಅಂತ ಸಪ್ಪಳ ಹೆಚ್ಚಾಗ್ತಿದ್ರ ಗಾಲಿ ಎತ್ತಿಸಿ, ಮ್ಯಾಲ ಒಂದು ಕೈ ಕೆಳಗ ಒಂದು ಕೈ ಹಿಡ್ದು ಅಲ್ಲಾಡಿಸಿ ನೋಡು ಅಂತ ಮಿಸ್ತ್ರಿಗೆ ಹೇಳ್ರಿ. ಇನ್ನ ಎಬಿಎಸ್ ಪಂಪಿನೊಳಗೇ ಗಾಳಿ ಸಿಕ್ಕಿದ್ರ ಸಾದಾ ಬ್ಲೀಡಿಂಗ್‌ಗೆ ಅದು ಬರಂಗಿಲ್ಲ. ಭಾಳ ಗಾಡ್ಯಾಗ ಸ್ಕ್ಯಾನರಿನಿಂದ ಆ ಪಂಪ್ ಓಡಿಸಿ ಗಾಳಿ ತೆಗೀಬೇಕಾಗ್ತದ.

ಅದಕ್ಕೇ ನಾ ಹೇಳೋದು, ಗ್ಯಾರೇಜಿಗೆ ಹೋದಾಗ ಎರಡು ತಕರಾರು ಎರಡಾಗಿ ಹೇಳ್ರಿ, ಎರಡಾಗಿ ಬರ್ಸ್ರಿ. ಮೊದಲು ಪೆಡಲ್ ಗಟ್ಟಿ ಆಗಲಿ, ಆಮ್ಯಾಲ ದೀಪ. ಯಾಕಂದ್ರ ಎಬಿಎಸ್ ಇಲ್ಲದೆ ಗಾಡಿ ನಿಲ್ತದ, ಆಯಿಲ್ ಒತ್ತಡ ಇಲ್ಲದೆ ನಿಲ್ಲಂಗಿಲ್ಲ.

ಇಷ್ಟು ಹೇಳಿದ್ರ ಎದುರು ಮಾತು ಬರ್ತಾವ, ಗೊತ್ತದ. "ನಮ್ಮಪ್ಪ ನಲವತ್ತು ವರ್ಷ ಜೀಪ್ ಹೊಡದ, ಯಾವ ಎಬಿಎಸ್ ಇತ್ತು?" ಖರೆ, ಇರಲಿಲ್ಲ. ಎಬಿಎಸ್ ಪವಾಡನೂ ಅಲ್ಲ. ಸಡ್ಲ ಗರಸಿನ ಹಾದ್ಯಾಗ ಅದರಿಂದ ನಿಲ್ಲೋ ದೂರ ತುಸು ಹೆಚ್ಚಾಗೋದೂ ಉಂಟು. ಆದ್ರ ಅಪ್ಪಾರ ಜೀಪು ಇಷ್ಟು ಓಡ್ತಿರಲಿಲ್ಲ, ಹಾದಿ ಇಷ್ಟು ನುಣುಪಿರಲಿಲ್ಲ, ಎದುರಿಗೆ ಇಷ್ಟು ಗಾಡಿ ಬರ್ತಿರಲಿಲ್ಲ. ಅಪ್ಪಾರು ಇಲ್ಲದ್ದನ್ನ ನಂಬಿ ಹೊಡೀತಿರಲಿಲ್ಲ. ನೀವು ಎಬಿಎಸ್ ಅದ ಅಂತ ನಂಬಿ ಜೋರ್ ಹೊಡೀತೀರಿ, ಅದು ಬಂದ್ ಆದದ್ದು ಹೇಳೋ ದೀಪಕ್ಕ ಟೇಪ್ ಹಚ್ತೀರಿ. 2022ನೇ ಒಂದೇ ವರ್ಷದಾಗ ನಮ್ಮ ದೇಶದ ರಸ್ತಾದ ಮ್ಯಾಲ 1,68,491 ಮಂದಿ ಸತ್ತಾರ ಅಂತ ಕೇಂದ್ರ ಸರಕಾರದ ಲೆಕ್ಕನೇ ಹೇಳ್ತದ. ಎಲ್ಲಾ ಬ್ರೇಕಿನಿಂದ ಅಂತ ನಾ ಅನ್ನಂಗಿಲ್ಲ, ಹೆಚ್ಚಿನವು ವೇಗದಿಂದ. ಆದ್ರ ವೇಗ ಇಳಿಸಲಾಕ ಇರೋದು ಬ್ರೇಕ್ ತಾನೆ?

ಎರಡನೇ ಮಾತು: "ಎಲ್ಲಾ ಮಿಸ್ತ್ರಿ ಮೋಸ ಮಾಡ್ತಾರ, ಏನ್ ಕೇಳಿದ್ರ ಏನು?" ಇದೂ ನಾ ಒಪ್ಪಂಗಿಲ್ಲ. ತಪ್ಪು ಬರೇ ಮಿಸ್ತ್ರಿದಲ್ಲ. ಒಂದು ತಾಸಿನ್ಯಾಗ ಗಾಡಿ ಬೇಕು, ಇನ್ನೂರು ರೂಪಾಯಿ ಕಮ್ಮಿ ಮಾಡು, ಬರೇ ಮ್ಯಾಲ ಆಯಿಲ್ ಹಾಕಿ ಕೊಡು ಅಂತ ತಲಿ ಮ್ಯಾಲ ಕೂಡೋರು ನಮ್ಮ ಮನಿಯವರೇ. ನಾಕೂ ಗಾಲಿ ಬಿಚ್ಚಿ ನೋಡಲಾಕ ವ್ಯಾಳ್ಯಾ ಬೇಕು, ಆ ವ್ಯಾಳ್ಯಾಕ್ಕ ಕೂಲಿ ಬೇಕು. ಬಿಸಿಲಾಗ ನೆಲದ ಮ್ಯಾಲ ಮಲಗಿ ಕೆಲಸ ಮಾಡೋ ಮನುಷ್ಯಾಗ ನೋಡೋ ಕೂಲಿ ಕೊಡ್ರಿ, ಹೊಸಾ ಸಾಮಾನು ಮಾರಿ ಹೊಟ್ಟಿ ತುಂಬ್ಕೋಬೇಕಾದ ಗತಿ ತರಬ್ಯಾಡ್ರಿ. ತೆಗೆದ ಹಳೇ ಸಾಮಾನು ಮಾತ್ರ ಕೈಯಾಗ ಇಸ್ಕೊಂಡೇ ಬರ್ರಿ.

ಹಳೇ ಗಾಡಿ ತಗೊಳ್ಳೋರು ಇದೊಂದು ನೋಡ್ರಿ. ಚಾವಿ ತಿರುಗಿಸಿದ ಕೂಡಲೇ ಎಬಿಎಸ್ ದೀಪ ಹತ್ತಬೇಕು, ಎರಡು ಮೂರು ಸೆಕೆಂಡಿಗೆ ಆರಬೇಕು. ಹತ್ತೇ ಇರೋದು ರೋಗ. ಹತ್ತಲೇ ಇಲ್ಲ ಅಂದ್ರ ಅದಕ್ಕಿಂತ ದೊಡ್ಡ ಅನುಮಾನ, ದೀಪಾನೇ ಕಿತ್ತಿರಬಹುದು. ಮಾರೋವ "ಒಂದೂ ದೀಪ ಹತ್ತಂಗಿಲ್ಲ ನೋಡ್ರಿ, ಗಾಡಿ ಫಸ್ಟ್ ಕ್ಲಾಸ್" ಅಂದ್ರ ನಗಬ್ಯಾಡ್ರಿ, ಎದ್ದು ಬರ್ರಿ.

ಹತ್ತಿಗೆ, ತೊಗರಿಗೆ ಮಾಲಿನ ಗಾಡ್ಯಾಗ ನಿಂತು ಹೋಗೋ ನಮ್ಮ ಅಕ್ಕತಂಗ್ಯಾರ ಮಾತೂ ಇಲ್ಲೇ ಹೇಳಬೇಕು. ಅಂಥಾ ಗಾಡ್ಯಾಗ ಹೆಣ್ಮಕ್ಕಳನ್ನ ತುಂಬೋದೇ ತಪ್ಪು. ಅದರ ಮ್ಯಾಲ ಬ್ರೇಕ್ ಮೆತ್ತಗ ಇದ್ರ ಅದು ಗಾಡಿ ಅಲ್ಲ, ಚಟ್ಟ. ತೂಕ ಹೆಚ್ಚಿದಷ್ಟು ನಿಲ್ಲಿಸೋ ಕೆಲಸ ಹೆಚ್ಚು. ಖಾಲಿ ಗಾಡಿ "ಎರಡು ಸಲಕ್ಕ" ನಿಂತದ್ದು, ಇಪ್ಪತ್ತು ಮಂದಿ ತುಂಬಿದ ಮ್ಯಾಲ ನಾಕು ಸಲಕ್ಕೂ ನಿಲ್ಲಂಗಿಲ್ಲ. ಹೊಲದ ಗೌಡ್ರನ್ನ, ಗಾಡಿ ಮಾಲಕನ್ನ ಕೇಳಲಾಕ ಒಬ್ಬಾಕಿಗೆ ಧೈರ್ಯ ಆಗಂಗಿಲ್ಲ, ಖರೆ. ಎಲ್ಲಾರೂ ಕೂಡಿ ಕೆಳಗೇ ನಿಂತ್ರ ಕೇಳಂಗೇ ಆಗ್ತದ.

ಇಷ್ಟೇ ನಾ ಬೇಡೋದು. ಹತ್ತೋಕಿಂತ ಮೊದಲು ಮೂರು ಮಾತು ಕೇಳ್ರಿ. ಬ್ರೇಕ್ ಒಂದೇ ಸಲಕ್ಕ ಗಟ್ಟಿ ಹಿಡೀತದ ಏನು? ಚಾವಿ ಹಾಕಿದ ಮ್ಯಾಲ ದೀಪ ಹತ್ತಿ ಆರ್ತಾವ ಏನು? ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡೀರಿ? ಮೊದಲಿನ ಎರಡರಾಗ ಒಂದಕ್ಕ "ಇಲ್ಲ" ಬಂದ್ರ ಬುಟ್ಟಿ ಕೆಳಗ ಇಡ್ರಿ, ಸೀರಿ ನಿರಿಗಿ ಸರಿ ಮಾಡ್ಕೊಂಡು ಕಟ್ಟಿ ಮ್ಯಾಲ ಕೂಡ್ರಿ. ಮೂರನೇದಕ್ಕ "ನೆನಪಿಲ್ಲ" ಅಂದ್ರ ಬರೋ ಸೋಮವಾರನೇ ಬದಲಿ ಮಾಡಸ್ರಿ. ಲಗ್ನಕ್ಕ ತಡಾ ಆದ್ರ ಅಕ್ಕಿಕಾಳು ತಪ್ಪಬಹುದು, ಊಟ ತಪ್ಪಂಗಿಲ್ಲ. "ಹೆಣ್ಮಕ್ಕಳು ಭಾಳ ಹೆದರ್ತಾರ" ಅಂತ ಅಂದ್ರ ಅನ್ನಲಿ. ಹೆದರೋರ ಮನ್ಯಾಗ ಸಂಜಿಗೆ ಎಲ್ಲಾರೂ ಬಂದು ಊಟಕ್ಕ ಕೂಡ್ತಾರ.